ಶೀತಕ ಪಂಪಿನ ಆಯ್ಕೆ: ಹೆಡ್‌ಗಿಂತ ಮೊದಲು ವೆಸಲ್‌ನ ಎತ್ತರ ನೋಡಿ

ಬೊಮ್ಮಸಂದ್ರದ ಐಸ್‌ಕ್ರೀಮ್ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಅಮೋನಿಯ ಪಂಪಿನ ಬೇರಿಂಗ್ ಹದಿನಾಲ್ಕು ತಿಂಗಳಲ್ಲಿ ಮೂರನೆಯ ಬಾರಿ ಹೋದಾಗ, ಒಮ್ಮೆ ಬಂದು ನೋಡಿ ಎಂದು ನನ್ನನ್ನು ಕರೆದಿದ್ದರು. ಪ್ಲಾಂಟ್ ರೂಮಿನ ಬಾಗಿಲಲ್ಲೇ, ತಗಡಿನ ಡಬ್ಬಿಗೆ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು ಕಿವಿಗೆ ಬಿತ್ತು. "ಕರೆಂಟ್ ಹೋಗಿ ಬಂದ ಮೇಲೆ ಅರ್ಧ ಗಂಟೆ ಹೀಗೇ ಕೂಗುತ್ತೆ ಸಾರ್, ಆಮೇಲೆ ತಾನೇ ಸುಮ್ಮನಾಗುತ್ತೆ" ಎಂದರು ಆಪರೇಟರ್. ರೋಗವೂ ಅದರ ಕಾರಣವೂ ಆ ಒಂದು ಮಾತಿನಲ್ಲೇ ಇದ್ದವು. ಪಂಪ್ ಒದಗಿಸಿದವರು ಮಾತ್ರ ಇನ್ನೂ ದೊಡ್ಡ ಪಂಪಿಗೆ ಕೊಟೇಶನ್ ಕೊಟ್ಟು ಹೋಗಿದ್ದರು. ನಾನು ಟೇಪ್ ಹಿಡಿದು, ಎಲ್‌ಪಿ ವೆಸಲ್‌ನ (ಕಡಿಮೆ ಒತ್ತಡದಲ್ಲಿ ತಣ್ಣನೆಯ ದ್ರವವನ್ನು ಹಿಡಿದಿಡುವ ಪಾತ್ರೆಯ) ಲೆವೆಲ್ ಕಾಲಂ ಮೇಲೆ ಹಿಮ ಕಟ್ಟಿದ್ದ ಗೆರೆಯಿಂದ ಪಂಪಿನ ಶಾಫ್ಟ್‌ವರೆಗೆ ಅಳೆದೆ: 90 ಸೆಂಟಿಮೀಟರ್. ವೆಸಲ್ ಯಾವುದೆಂದು ತೀರ್ಮಾನವಾಗುವ ಮೊದಲೇ ರೂಮಿನ ಸ್ಲ್ಯಾಬ್ ಹಾಕಿದ್ದರಿಂದ, ಅದನ್ನು ಇನ್ನೂ ಮೇಲಕ್ಕೆ ಏರಿಸಲು ಜಾಗವೇ ಇರಲಿಲ್ಲ.

ಪೀಣ್ಯ, ಜಿಗಣಿ, ದಾಬಸ್‌ಪೇಟೆಗಳಲ್ಲಿ ಹೊಸ ಪ್ಲಾಂಟ್ ಹಾಕುವವರಿಗೂ ಹಳೆಯ ಪಂಪ್ ಬದಲಿಸುವವರಿಗೂ ಉಪಯೋಗವಾಗಲೆಂದು, ಪಂಪ್ ಆರಿಸುವ ಲೆಕ್ಕವನ್ನು ಒಂದೇ ಉದಾಹರಣೆ ಹಿಡಿದು ಕೊನೆಯವರೆಗೆ ಇಲ್ಲಿ ಬರೆದಿದ್ದೇನೆ. ಉದಾಹರಣೆಯ ಪ್ಲಾಂಟ್ ಆ ಬೊಮ್ಮಸಂದ್ರದ್ದೇ: ಶೀತಕ ಅಮೋನಿಯ, ಲೋಡ್ 80 ಟನ್ (ಇದು ತೂಕವಲ್ಲ, ತಂಪು ಮಾಡುವ ಶಕ್ತಿಯ ಅಳತೆ), ಆವಿಯಾಗುವ ತಾಪಮಾನ ಮೈನಸ್ 40 ಡಿಗ್ರಿ ಸೆಲ್ಸಿಯಸ್.

ಮೊದಲ ಹೆಜ್ಜೆ: ಪಂಪ್ ಬೇಕೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು

ಪಂಪ್ ಇರುವ ವ್ಯವಸ್ಥೆಯಲ್ಲಿ ಎಲ್‌ಪಿ ವೆಸಲ್‌ನಲ್ಲಿರುವ ತಣ್ಣನೆಯ ದ್ರವವನ್ನು ಪಂಪು ಕೂಲಿಂಗ್ ಕಾಯಿಲ್‌ಗಳಿಗೆ ದೂಡುತ್ತದೆ. ಕಾಯಿಲ್‌ನಲ್ಲಿ ಆವಿಯಾಗುವುದಕ್ಕಿಂತ ಹೆಚ್ಚಿನ ದ್ರವ ಅಲ್ಲಿ ಹರಿಯುವುದರಿಂದ ಟ್ಯೂಬಿನ ಒಳಗೋಡೆ ಪೂರ್ತಿ ಒದ್ದೆಯಾಗಿಯೇ ಉಳಿದು ಶಾಖ ಚೆನ್ನಾಗಿ ವರ್ಗಾವಣೆಯಾಗುತ್ತದೆ. ಉಳಿದ ದ್ರವ ಮತ್ತು ಆವಿ ಎರಡೂ ವೆಸಲ್‌ಗೆ ಮರಳುತ್ತವೆ. ಕಂಪ್ರೆಸರ್ ಆವಿಯನ್ನು ಮಾತ್ರ ಎಳೆದುಕೊಳ್ಳುತ್ತದೆ. ಪ್ಲಾಂಟ್ ರೂಮಿನ ಪಕ್ಕದಲ್ಲೇ ಒಂದೋ ಎರಡೋ ಕಾಯಿಲ್‌ಗಳಿದ್ದರೆ ಪಂಪಿಲ್ಲದೆ ದ್ರವ ತನ್ನ ಭಾರದಿಂದಲೇ ಕಾಯಿಲ್‌ಗೆ ಇಳಿಯುವ ಗ್ರಾವಿಟಿ ಫ್ಲಡೆಡ್ ವ್ಯವಸ್ಥೆಯೇ ಸಾಕು. ಕಾಯಿಲ್‌ಗಳು ಹಲವಿದ್ದು ದೂರದೂರ ಹಂಚಿಹೋಗಿದ್ದರೆ, ಮಹಡಿಯ ಮೇಲಿದ್ದರೆ, ಪ್ರತಿಯೊಂದಕ್ಕೂ ಬೇರೆಬೇರೆ ಹೊತ್ತಿನಲ್ಲಿ ಡಿಫ್ರಾಸ್ಟ್ ಮಾಡಬೇಕಿದ್ದರೆ ಪಂಪ್ ಹಾಕುವುದು ಸರಿ.

ಎರಡನೆಯ ಹೆಜ್ಜೆ: ತಾಪಮಾನವನ್ನು ನಂಬುವ ಮೊದಲು ಗೇಜನ್ನು ವಿಚಾರಿಸುವುದು

ಮುಂದಿನ ಲೆಕ್ಕವೆಲ್ಲ ಆವಿಯಾಗುವ ತಾಪಮಾನದ ಮೇಲೆ ನಿಂತಿದೆ. ಹಳೆಯ ಪ್ಲಾಂಟಿನಲ್ಲಿ ಅದನ್ನು ಗೇಜ್ ನೋಡಿ ಬರೆದುಕೊಳ್ಳುವುದು ರೂಢಿ, ಬೆಂಗಳೂರಿನಲ್ಲಿ ಎಡವುವುದೂ ಅಲ್ಲಿಯೇ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಇಲ್ಲಿಯ ವಾತಾವರಣದ ಒತ್ತಡ 1.013 ಬಾರ್ ಅಲ್ಲ, ಸುಮಾರು 0.91 ಬಾರ್. ಅಮೋನಿಯ ಗೇಜಿನ ಮುಖದ ಮೇಲೆ ಅಚ್ಚಾಗಿರುವ ತಾಪಮಾನದ ವೃತ್ತವಾದರೋ ಸಮುದ್ರಮಟ್ಟಕ್ಕೆ ಹೊಂದಿಸಿದ್ದು. ಮೈನಸ್ 40 ಡಿಗ್ರಿಯಲ್ಲಿ ಅಮೋನಿಯದ ನಿಜವಾದ ಒತ್ತಡ 0.717 ಬಾರ್ ಆಗಿದ್ದು, ಬೆಂಗಳೂರಿನ ಗೇಜ್ ಅದನ್ನು ಸೊನ್ನೆಗಿಂತ 0.19 ಬಾರ್ ಕೆಳಗೆ ತೋರಿಸುತ್ತದೆ; ಆ ಮುಳ್ಳಿನ ಎದುರಿಗೆ ಅಚ್ಚಾಗಿರುವ ತಾಪಮಾನ ಮೈನಸ್ 37ರ ಆಸುಪಾಸು. ಇದನ್ನು ಅರಿಯದೆ ಮುಳ್ಳನ್ನು ಮೈನಸ್ 40ಕ್ಕೆ ತಂದು ನಿಲ್ಲಿಸಿದರೆ ಪ್ಲಾಂಟ್ ನಿಜವಾಗಿ ಮೈನಸ್ 43ರಲ್ಲಿ ಓಡುತ್ತಿರುತ್ತದೆ. ಆ ಮೂರು ಡಿಗ್ರಿಯ ದಂಡವನ್ನು ಮಾಲೀಕರು ತಿಂಗಳು ತಿಂಗಳೂ ಬೆಸ್ಕಾಂ ಬಿಲ್ಲಿನಲ್ಲಿ ಕಟ್ಟುತ್ತಾರೆ. ಮೈನಸ್ 10ರಂಥ ತಾಪಮಾನದಲ್ಲಿ ಈ ವ್ಯತ್ಯಾಸ ಒಂದು ಡಿಗ್ರಿಯಷ್ಟೇ ಆದ್ದರಿಂದ ಹಾಲಿನ ಡೈರಿಗಳವರು ಇದನ್ನು ಗಮನಿಸದಿದ್ದರೂ ನಡೆದುಹೋಗುತ್ತದೆ. ಫ್ರೀಜರ್ ಪ್ಲಾಂಟಿನವರಿಗೆ ಆ ರಿಯಾಯಿತಿಯಿಲ್ಲ.

ಎತ್ತರದ ಮಾತು ಬಂದಾಗ ಮೋಟಾರಿನ ಶಕ್ತಿ ತಗ್ಗಿಸಿ ಲೆಕ್ಕ ಹಾಕಬೇಕೇ ಎಂದು ಕೆಲವರು ಕೇಳುತ್ತಾರೆ. ಸಾಮಾನ್ಯ ಮೋಟಾರುಗಳನ್ನು 1000 ಮೀಟರ್ ಎತ್ತರ ಮತ್ತು 40 ಡಿಗ್ರಿ ಹೊರತಾಪದವರೆಗೆ ಪೂರ್ಣ ಶಕ್ತಿಗೆ ತಯಾರಿಸಿರುವುದರಿಂದ ಬೆಂಗಳೂರಿನಲ್ಲಿ ಅದರ ಅಗತ್ಯ ಬೀಳುವುದಿಲ್ಲ.

ಮೂರನೆಯ ಹೆಜ್ಜೆ: ಎಷ್ಟು ದ್ರವ ಹರಿಯಬೇಕು

80 ಟನ್ ಲೋಡ್ ಎಂದರೆ ಸುಮಾರು 281 ಕಿಲೋವಾಟ್. ಮೈನಸ್ 40ರಲ್ಲಿ ಒಂದು ಕಿಲೋಗ್ರಾಂ ಅಮೋನಿಯ ಆವಿಯಾಗಲು ಸುಮಾರು 1389 ಕಿಲೋಜೌಲ್ ಶಾಖವನ್ನು ಹೀರಿಕೊಳ್ಳುತ್ತದೆ. 281ನ್ನು 1389ರಿಂದ ಭಾಗಿಸಿದರೆ ಸೆಕೆಂಡಿಗೆ 0.202 ಕಿಲೋಗ್ರಾಂ, ಅಂದರೆ ಗಂಟೆಗೆ ಸುಮಾರು 729 ಕಿಲೋಗ್ರಾಂ ಆವಿಯಾಗುತ್ತದೆ ಎಂದಾಯಿತು. ಆ ತಾಪಮಾನದಲ್ಲಿ ದ್ರವದ ಸಾಂದ್ರತೆ ಘನ ಮೀಟರ್‌ಗೆ 690 ಕಿಲೋಗ್ರಾಂ ಆದ್ದರಿಂದ ಇದು ಗಂಟೆಗೆ 1.06 ಘನ ಮೀಟರ್.

ಇನ್ನು ಇದನ್ನು ಎಷ್ಟು ಪಟ್ಟು ಮಾಡಬೇಕೆಂಬ ಪ್ರಶ್ನೆ. ಕೆಳಗಿನಿಂದ ಫೀಡ್ ಆಗುವ ಸಣ್ಣ ಟ್ಯೂಬಿನ ಅಮೋನಿಯ ಕಾಯಿಲ್‌ಗಳಿಗೆ 2ರಿಂದ 4 ಪಟ್ಟು, ಮೇಲಿನಿಂದ ಫೀಡ್ ಆಗುವ ದೊಡ್ಡ ಟ್ಯೂಬಿನವಕ್ಕೆ 6ರಿಂದ 7 ಪಟ್ಟು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ಆದರೆ ಕೊನೆಯ ಮಾತು ಕಾಯಿಲ್ ತಯಾರಕರದ್ದೇ. ಅವರ ಡೇಟಾ ಶೀಟಿನಲ್ಲಿ ಎಷ್ಟು ಪಟ್ಟು ಹರಿವಿಗೆ ಕಾಯಿಲ್‌ನ ಶಕ್ತಿ ಬರೆದಿದೆಯೋ ಅದನ್ನೇ ತೆಗೆದುಕೊಳ್ಳಬೇಕು. ಇಲ್ಲೊಂದು ಪದದ ಗೊಂದಲವಿದೆ, ಅದರಿಂದ ತಪ್ಪಾದ ಆರ್ಡರುಗಳನ್ನು ನಾನೇ ನೋಡಿದ್ದೇನೆ. ಸರ್ಕ್ಯುಲೇಷನ್ ರೇಟ್ 4 ಎಂದರೆ ಆವಿಯಾಗುವುದರ ನಾಲ್ಕು ಪಟ್ಟು ದ್ರವ ಕಳಿಸುವುದು. ಓವರ್‌ಫೀಡ್ 4 ಎಂದರೆ ಆವಿಯಾದದ್ದು ಒಂದು ಪಾಲು, ಮರಳಿ ಬಂದದ್ದು ನಾಲ್ಕು ಪಾಲು, ಕಳಿಸಬೇಕಾದದ್ದು ಒಟ್ಟು ಐದು ಪಾಲು. ಆದ್ದರಿಂದ ಬರಿಯ ಅಂಕೆಯನ್ನಷ್ಟೇ ಬರೆಯದೆ ಅದು ಎರಡರಲ್ಲಿ ಯಾವುದೆಂದು ಕಾಗದದ ಮೇಲೆ ಸ್ಪಷ್ಟಪಡಿಸಿ.

ನಮ್ಮ ಉದಾಹರಣೆಗೆ 4 ಪಟ್ಟು ಹಿಡಿದರೆ ಗಂಟೆಗೆ 4.2 ಘನ ಮೀಟರ್ ಆಗುತ್ತದೆ. ಪಂಪಿನಿಂದ ವೆಸಲ್‌ಗೆ ಸದಾ ಮರಳುವ ಮಿನಿಮಮ್ ಫ್ಲೋ ಲೈನಿಗಾಗಿ ಇನ್ನೊಂದು ಘನ ಮೀಟರ್ ಚಿಲ್ಲರೆ ಸೇರಿಸಿದರೆ ಒಟ್ಟು 5.3 ಘನ ಮೀಟರ್. ಇದರ ಮೇಲೆ "ಇರಲಿ" ಎಂದು ಇನ್ನೂ ಶೇಕಡ 30 ಸೇರಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ನೀರಿನ ಪಂಪಿನಲ್ಲಿ ನಡೆಯುವ ಆ ಧಾರಾಳತನ ಇಲ್ಲಿ ಸಕ್ಷನ್‌ಗೆ, ಅಂದರೆ ಪಂಪು ದ್ರವವನ್ನು ಎಳೆದುಕೊಳ್ಳುವ ಬದಿಗೆ, ಮುಳುವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಹೆಡ್

ಪಂಪು ದ್ರವವನ್ನು ದೂಡುವ ಒತ್ತಡವನ್ನು ದ್ರವದ ಎತ್ತರದ ಲೆಕ್ಕದಲ್ಲಿ ಹೇಳುವುದೇ ಹೆಡ್. ನೀರಿಗೆ ಒಂದು ಬಾರ್ ಎಂದರೆ ಸುಮಾರು 10.2 ಮೀಟರ್ ಎತ್ತರ. ಮೈನಸ್ 40ರ ಅಮೋನಿಯ ನೀರಿಗಿಂತ ಹಗುರವಾದ್ದರಿಂದ ಅದಕ್ಕೆ ಒಂದು ಬಾರ್ ಎಂದರೆ 14.8 ಮೀಟರ್. ಪಂಪಿನ ಕರ್ವ್ (ಎಷ್ಟು ಹರಿವಿಗೆ ಎಷ್ಟು ಹೆಡ್ ಎಂದು ತೋರಿಸುವ ತಯಾರಕರ ನಕ್ಷೆ) ಮೀಟರ್ ಲೆಕ್ಕದಲ್ಲಿದ್ದು ವಾಲ್ವುಗಳ ನಷ್ಟ ಬಾರ್ ಲೆಕ್ಕದಲ್ಲಿರುವುದರಿಂದ ಈ ಪರಿವರ್ತನೆಯನ್ನು ಎಚ್ಚರದಿಂದ ಮಾಡಬೇಕು.

ಉದಾಹರಣೆಯಲ್ಲಿ ವೆಸಲ್‌ನ ದ್ರವದ ಮಟ್ಟದಿಂದ ಅತಿ ಎತ್ತರದ ಕಾಯಿಲ್‌ವರೆಗೆ 7 ಮೀಟರ್ ಏರಿಕೆಯಿದೆ. ಲಿಕ್ವಿಡ್ ಲೈನಿನ ಘರ್ಷಣೆಗೆ 0.3 ಬಾರ್, ಸ್ಟಾಪ್ ವಾಲ್ವ್, ಸ್ಟ್ರೈನರ್ ಮತ್ತು ಸೊಲೆನಾಯ್ಡ್‌ಗೆ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) 0.2 ಬಾರ್, ಕೈಯಿಂದ ಹೊಂದಿಸುವ ರೆಗ್ಯುಲೇಟಿಂಗ್ ವಾಲ್ವ್ ಮತ್ತು ಕಾಯಿಲ್‌ನ ಬಾಯಲ್ಲಿರುವ ಆರಿಫಿಸ್‌ಗಳಿಗೆ (ಹರಿವನ್ನು ತಡೆದು ಹಂಚುವ ಸಣ್ಣ ರಂಧ್ರಗಳು) 0.8 ಬಾರ್, ಕಾಯಿಲ್‌ಗೆ ಹಾಗೂ ದ್ರವ-ಆವಿ ಎರಡೂ ವೆಸಲ್‌ಗೆ ಮರಳುವ ವೆಟ್ ರಿಟರ್ನ್ ಲೈನಿಗೆ 0.15 ಬಾರ್. ಇವೆಲ್ಲ ಸೇರಿ 1.45 ಬಾರ್, ಮೀಟರ್ ಲೆಕ್ಕದಲ್ಲಿ ಸುಮಾರು 21.4, ಏರಿಕೆಯ 7 ಮೀಟರ್ ಕೂಡಿದರೆ 28.4 ಮೀಟರ್. ವೆಟ್ ರಿಟರ್ನಿನ ನಷ್ಟವನ್ನು ಬಹಳ ಜನ ಮರೆಯುತ್ತಾರೆ. ಕಾಯಿಲ್‌ನೊಳಗಿನ ಒತ್ತಡ ವೆಸಲ್‌ನದ್ದಕ್ಕಿಂತ ಅಷ್ಟು ಹೆಚ್ಚಿರುತ್ತದೆ, ಪಂಪು ಅದನ್ನೂ ಎದುರಿಸಿ ದೂಡಬೇಕು.

ಹೆಡ್ ಅತಿಯಾದರೂ ನಷ್ಟವೇ. ಈ ಹರಿವಿಗೂ ಹೆಡ್‌ಗೂ ದ್ರವಕ್ಕೆ ಸಿಗಬೇಕಾದ ಶಕ್ತಿ 283 ವಾಟ್ ಮಾತ್ರ. ಸಣ್ಣ ಪಂಪಿನ ಒಟ್ಟು ದಕ್ಷತೆ ಶೇಕಡ 25ರಿಂದ 30 ಇದ್ದರೂ ಮೋಟಾರ್ ಎಳೆಯುವುದು ಒಂದು ಕಿಲೋವಾಟ್ ಆಸುಪಾಸು. ಅನಗತ್ಯವಾಗಿ ಎರಡರಷ್ಟು ದೊಡ್ಡ ಪಂಪ್ ಹಾಕಿದರೆ ಹೆಚ್ಚಿನ ಆ ಶಕ್ತಿಗೆ ಒಮ್ಮೆ ಮೋಟಾರಿನಲ್ಲಿ ಬಿಲ್ ಕಟ್ಟಬೇಕು. ಅದು ಶಾಖವಾಗಿ ತಣ್ಣನೆಯ ದ್ರವಕ್ಕೇ ಸೇರುವುದರಿಂದ ಅದನ್ನು ಹೊರಹಾಕಲು ಕಂಪ್ರೆಸರ್‌ನಲ್ಲಿ ಮತ್ತೊಮ್ಮೆ ಕಟ್ಟಬೇಕು.

ಐದನೆಯ ಹೆಜ್ಜೆ: ಸಕ್ಷನ್, ಅಂದರೆ ನಿಜವಾದ ಆಯ್ಕೆ

ಸಂಪಿನ ನೀರನ್ನು ಎಳೆಯುವ ಪಂಪಿಗೆ ಮೇಲಿನಿಂದ ವಾತಾವರಣದ ಒತ್ತಡದ ಸಹಾಯವಿರುತ್ತದೆ. ಎಲ್‌ಪಿ ವೆಸಲ್‌ನಲ್ಲಿರುವ ಅಮೋನಿಯಕ್ಕೆ ಆ ಸಹಾಯವಿಲ್ಲ. ಅದು ಇರುವ ತಾಪಮಾನದಲ್ಲೇ ಕುದಿಯುವ ಅಂಚಿನಲ್ಲಿ ಕುಳಿತಿರುತ್ತದೆ. ಒತ್ತಡ ತುಸು ತಗ್ಗಿದರೂ ಗುಳ್ಳೆ ಏಳುತ್ತದೆ. ಪಂಪಿನ ಬಾಯಲ್ಲಿ ಅದನ್ನು ಕುದಿಯದಂತೆ ತಡೆಯುವುದು ದ್ರವದ ಕಂಬದ ಭಾರವೊಂದೇ. ಆದ್ದರಿಂದ ಇಲ್ಲಿ ಲಭ್ಯವಿರುವ ಎನ್‌ಪಿಎಸ್‌ಎಚ್ (ನೆಟ್ ಪಾಸಿಟಿವ್ ಸಕ್ಷನ್ ಹೆಡ್, ದ್ರವ ಕುದಿಯದಂತೆ ಪಂಪಿನ ಬಾಯಲ್ಲಿ ಸಿಗುವ ಹೆಡ್) ಎಂದರೆ ದ್ರವದ ಅತಿ ಕೆಳಮಟ್ಟದಿಂದ ಪಂಪಿನ ಮಧ್ಯರೇಖೆಯವರೆಗಿನ ಎತ್ತರದಲ್ಲಿ ಸಕ್ಷನ್ ಪೈಪಿನ ನಷ್ಟವನ್ನು ಕಳೆದು ಉಳಿದದ್ದು, ಅಷ್ಟೇ. ಪಂಪಿಗೆ ಬೇಕಾದ ಎನ್‌ಪಿಎಸ್‌ಎಚ್ ಅದರ ಕರ್ವ್‌ನಲ್ಲಿ ಬರೆದಿರುತ್ತದೆ ಮತ್ತು ಹರಿವು ಹೆಚ್ಚಿದಂತೆ ಏರುತ್ತದೆ. ದೊಡ್ಡ ಪಂಪ್ ಹಾಕಿದರೆ ಕ್ಯಾವಿಟೇಷನ್ (ಪಂಪಿನೊಳಗೆ ಗುಳ್ಳೆಗಳೆದ್ದು ಒಡೆಯುವುದು) ನಿಲ್ಲುವ ಬದಲು ಹೆಚ್ಚುವುದು ಇದಕ್ಕೇ.

ಬೊಮ್ಮಸಂದ್ರದ ಲೆಕ್ಕವನ್ನೇ ನೋಡಿ. ಎತ್ತರ 0.9 ಮೀಟರ್. ಸಕ್ಷನ್ ಪೈಪು 50 ಮಿಲಿಮೀಟರಿನದು, ಅದರಲ್ಲಿ ಎರಡು ಎಲ್ಬೋ, ಒಂದು ವಾಲ್ವ್, ಸಣ್ಣ ಜಾಲರಿಯ ಸ್ಟ್ರೈನರ್. ದ್ರವದ ವೇಗ ಸೆಕೆಂಡಿಗೆ 0.68 ಮೀಟರ್, ನಷ್ಟ ಸುಮಾರು 0.2 ಮೀಟರ್. ಉಳಿದದ್ದು 0.7, ಪಂಪಿನ ಕರ್ವ್ ಕೇಳುತ್ತಿದ್ದುದು 0.8. ಎಲ್ಲ ನೆಟ್ಟಗಿದ್ದ ದಿನವೂ ಆ ಪಂಪು ಅರೆಹೊಟ್ಟೆಯಲ್ಲೇ ಇತ್ತು.

ಕರೆಂಟ್ ಹೋಗಿ ಬಂದ ಮೇಲೆ ಆಗುವುದು ಇನ್ನೊಂದು ಕಥೆ. ಕಂಪ್ರೆಸರ್ ನಿಂತಿದ್ದಾಗ ವೆಸಲ್‌ನ ಒತ್ತಡವೂ ತಾಪಮಾನವೂ ಏರಿರುತ್ತವೆ. ಜನರೇಟರ್ ಹತ್ತಿಕೊಂಡು ಕಂಪ್ರೆಸರ್‌ಗಳೆಲ್ಲ ಒಟ್ಟಿಗೆ ಪೂರ್ತಿ ಲೋಡ್ ತೆಗೆದುಕೊಂಡರೆ ಒತ್ತಡ ಥಟ್ಟನೆ ಕುಸಿಯುತ್ತದೆ, ಆದರೆ ದ್ರವ ಅಷ್ಟು ಬೇಗ ತಣ್ಣಗಾಗುವುದಿಲ್ಲ. ವೆಸಲ್‌ನ ಹೊಟ್ಟೆಯೊಳಗೆಲ್ಲ ಗುಳ್ಳೆ ಏಳುತ್ತದೆ. ಮೈನಸ್ 40ರ ಅಮೋನಿಯದಲ್ಲಿ ದ್ರವ ಒಂದು ಡಿಗ್ರಿ ಹಿಂದುಳಿದರೆ ಸುಮಾರು 0.57 ಮೀಟರ್ ಎತ್ತರ ನುಂಗಿಹೋದಂತೆ. ಮೈನಸ್ 10ರಲ್ಲಿ ಅದೇ ಒಂದು ಡಿಗ್ರಿಗೆ 1.8 ಮೀಟರ್. ಕಾರ್ಬನ್ ಡೈಆಕ್ಸೈಡ್ ಪ್ಲಾಂಟಾದರೆ ಮೈನಸ್ 40ರಲ್ಲೇ 3 ಮೀಟರಿಗೂ ಹೆಚ್ಚು. ಫ್ರೀಜರ್ ಪ್ಲಾಂಟಿನಲ್ಲಿ ಮಾತ್ರ ಕ್ಯಾವಿಟೇಷನ್ ಬರುತ್ತದೆ ಎಂಬ ನಂಬಿಕೆಗೆ ಈ ಅಂಕೆಗಳೇ ಉತ್ತರ.

ಹೊಸ ಪ್ಲಾಂಟಿನಲ್ಲಿ ನಾನು ಹೀಗೆ ಮಾಡಿಸುತ್ತೇನೆ. ದ್ರವದ ಅತಿ ಕೆಳಮಟ್ಟ ಪಂಪಿನ ಮಧ್ಯರೇಖೆಯಿಂದ ಒಂದೂವರೆ ಮೀಟರಿಗಿಂತ ಕಡಿಮೆಯಾಗಬಾರದು, ಎರಡು ಮೀಟರ್ ಇದ್ದರೆ ಒಳ್ಳೆಯದು. ಸಕ್ಷನ್ ಪೈಪು ವೆಸಲ್‌ನಿಂದ ನೆಟ್ಟಗೆ ಕೆಳಗಿಳಿಯಬೇಕು, ಅಡ್ಡ ಓಟ ಆದಷ್ಟೂ ಕಡಿಮೆಯಿರಬೇಕು. ದ್ರವದ ವೇಗ ಸೆಕೆಂಡಿಗೆ 0.3 ಮೀಟರ್ ಮೀರಬಾರದು. ಅದಕ್ಕಿಂತ ನಿಧಾನವಾಗಿದ್ದರೆ ಎದ್ದ ಗುಳ್ಳೆಗಳು ಪೈಪಿನಲ್ಲೇ ಮೇಲೇರಿ ವೆಸಲ್‌ಗೆ ಮರಳುತ್ತವೆ, ವೇಗವಾದರೆ ದ್ರವದ ಜೊತೆ ಪಂಪಿನೊಳಕ್ಕೆ ಸೇರಿಹೋಗುತ್ತವೆ. ನಮ್ಮ 5.3 ಘನ ಮೀಟರಿಗೆ 80 ಮಿಲಿಮೀಟರ್ ಪೈಪಿನಲ್ಲಿ ವೇಗ 0.31 ಬರುತ್ತದೆ, 100 ಮಿಲಿಮೀಟರಿನದರಲ್ಲಿ 0.18. ನೂರರದ್ದೇ ಹಾಕಿ, ಉಳಿಸುವ ನಾಲ್ಕು ಕಾಸು ಆಮೇಲೆ ಬೇರಿಂಗ್‌ಗೆ ಹೋಗುತ್ತದೆ. ಪೈಪಿನ ಬಾಯಿಗೆ ಸುಳಿ ತಡೆಯುವ ಪಟ್ಟಿಯಿರಲಿ. ಆ ಬಾಯಿ ವೆಸಲ್‌ನ ತಳಕ್ಕಿಂತ ಕೆಲವು ಸೆಂಟಿಮೀಟರ್ ಮೇಲೆ ಎದ್ದಿರಲಿ, ಏಕೆಂದರೆ ಕಂಪ್ರೆಸರ್ ಎಣ್ಣೆ ಅಮೋನಿಯದಲ್ಲಿ ಬೆರೆಯದೆ, ಅದಕ್ಕಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಅದು ಆಯಿಲ್ ಪಾಟ್‌ಗೆ ಇಳಿಯಬೇಕೇ ಹೊರತು ಪಂಪಿಗಲ್ಲ. ಇನ್ಸುಲೇಷನ್ ಹಾಕುವವರು ಪಂಪಿನ ಬಳಿ ಒಂದಡಿ ಪೈಪನ್ನು ಬೆತ್ತಲೆ ಬಿಟ್ಟು ಹೋಗುವುದುಂಟು. ಆ ಒಂದಡಿಯಲ್ಲೂ ಶಾಖ ಒಳನುಗ್ಗುತ್ತದೆ.

ಆರನೆಯ ಹೆಜ್ಜೆ: ಕರ್ವ್ ಓದುವುದು

ಕ್ಯಾಟಲಾಗ್ ಬಿಡಿಸಿದಾಗ ಮೊದಲು ನೋಡಬೇಕಾದದ್ದು ಅದು 50 ಹರ್ಟ್ಸ್‌ನ ಕರ್ವೇ ಎಂಬುದನ್ನು. 60 ಹರ್ಟ್ಸ್ ದೇಶಗಳಿಗೆ ಮಾಡಿದ ಕರ್ವ್‌ನಲ್ಲಿ ಮೋಟಾರ್ ಸುಮಾರು 3500 ಸುತ್ತು ತಿರುಗುತ್ತದೆ. ನಮ್ಮಲ್ಲಿ ಅದೇ ಪಂಪು 2900. ಆಗ ಹರಿವು ಶೇಕಡ 83ಕ್ಕೆ, ಹೆಡ್ ಶೇಕಡ 69ಕ್ಕೆ ಇಳಿಯುತ್ತದೆ. 28 ಮೀಟರ್ ಬೇಕಿದ್ದವರಿಗೆ ಸಿಗುವುದು 20ಕ್ಕೂ ಕಡಿಮೆ.

ಬೇಕಾದ ಹರಿವೂ ಹೆಡ್ಡೂ ಕೂಡುವ ಡ್ಯೂಟಿ ಪಾಯಿಂಟ್ ಒಂದನ್ನೇ ಕರ್ವ್ ಮೇಲೆ ಗುರುತಿಸಿ ಸುಮ್ಮನಾಗಬೇಡಿ, ಎರಡು ತುದಿಗಳನ್ನೂ ನೋಡಿ. ಡಿಫ್ರಾಸ್ಟ್ ಹೊತ್ತಿನಲ್ಲಿ ಹಲವು ಸೊಲೆನಾಯ್ಡ್‌ಗಳು ಮುಚ್ಚಿಕೊಂಡರೆ ಪಂಪು ಕರ್ವ್‌ನ ಎಡತುದಿಗೆ ಸರಿಯುತ್ತದೆ. ಹರಿವು ಸಾಲದೆ ಒಳಗಿನ ದ್ರವ ಬಿಸಿಯಾಗಿ ಆವಿಯಾಗುತ್ತದೆ. ಇದಕ್ಕಾಗಿಯೇ ಮಿನಿಮಮ್ ಫ್ಲೋ ಆರಿಫಿಸ್ ಬೇಕು, ಅದರ ಲೈನ್ ವೆಸಲ್‌ಗೇ ಮರಳಬೇಕು. ಪಂಪಿನ ಸಕ್ಷನ್ ಪೈಪಿಗೆ ಜೋಡಿಸಿದರೆ ಬಿಸಿಯಾದ ದ್ರವವನ್ನೇ ಮತ್ತೆ ಕುಡಿಸಿದಂತೆ. ಬೆಳಗ್ಗೆ ಎಲ್ಲ ಕಾಯಿಲ್‌ಗಳೂ ಒಟ್ಟಿಗೆ ತೆರೆದುಕೊಂಡಾಗ ಪಂಪು ಬಲತುದಿಗೆ ಓಡುತ್ತದೆ. ಹರಿವು ಮಿತಿಮೀರಿ ಬೇಕಾದ ಎನ್‌ಪಿಎಸ್‌ಎಚ್ ಏರುತ್ತದೆ, ಮೋಟಾರ್ ಓವರ್‌ಲೋಡ್ ಆಗುತ್ತದೆ. ಅದಕ್ಕೆ ಡಿಸ್ಚಾರ್ಜ್‌ನಲ್ಲಿ ಹರಿವನ್ನು ಮಿತಿಗೊಳಿಸುವ ಸಾಧನವಿರಬೇಕು. ಎರಡು ಪಂಪುಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ಯಾರಾದರೂ ಕೇಳಿದರೆ, ಹೆಡ್ ಹೆಚ್ಚಿರುವುದನ್ನು ಬಿಟ್ಟು ಬೇಕಾದ ಎನ್‌ಪಿಎಸ್‌ಎಚ್ ಕಡಿಮೆಯಿರುವುದನ್ನು ತೋರಿಸುತ್ತೇನೆ.

ಏಳನೆಯ ಹೆಜ್ಜೆ: ಯಾವ ಬಗೆಯ ಪಂಪ್

ಕ್ಯಾನ್ಡ್ ಮೋಟಾರ್ ಪಂಪಿನಲ್ಲಿ ರೋಟರ್ ಶೀತಕದೊಳಗೇ ತಿರುಗುತ್ತದೆ, ತೆಳುವಾದ ಲೋಹದ ಕವಚವೊಂದು ಅದನ್ನು ವೈಂಡಿಂಗ್‌ನಿಂದ ಬೇರ್ಪಡಿಸುತ್ತದೆ. ಶಾಫ್ಟ್ ಹೊರಗೆ ಬರುವುದೇ ಇಲ್ಲವಾದ್ದರಿಂದ ಶಾಫ್ಟ್ ಸೀಲಿನಿಂದ ಸೋರುವ ಮಾತಿಲ್ಲ. ಆದರೆ ಬೇರಿಂಗ್‌ಗೆ ಜಾರುವಿಕೆ ಕೊಡುವುದೂ ಮೋಟಾರನ್ನು ತಂಪಾಗಿಡುವುದೂ ಅದೇ ದ್ರವ. ದ್ರವದ ಬದಲು ಆವಿ ಬಂದರೆ ಬೇರಿಂಗ್ ಸವೆಯಲು ಹೆಚ್ಚು ಹೊತ್ತು ಬೇಕಿಲ್ಲ. ಮೆಕ್ಯಾನಿಕಲ್ ಸೀಲ್ ಇರುವ ಓಪನ್ ಪಂಪ್ ಅಗ್ಗ, ಮೋಟಾರನ್ನು ಇಲ್ಲೇ ರೀವೈಂಡ್ ಮಾಡಿಸಬಹುದು. ಆದರೆ ಸೀಲ್ ಒಂದಲ್ಲ ಒಂದು ದಿನ ಸೋರುತ್ತದೆ. ಅಕ್ಕಪಕ್ಕ ಶೆಡ್‌ಗಳು, ಹಿಂದೆ ಮನೆಗಳು ಒತ್ತಿಕೊಂಡಿರುವ ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಅಮೋನಿಯಕ್ಕೆ ಕ್ಯಾನ್ಡ್ ಮೋಟಾರ್ ಪಂಪೇ ಸರಿಯೆಂಬುದು ನನ್ನ ಅಭಿಪ್ರಾಯ. ಯಾವುದೇ ಬಗೆಯಾದರೂ ಅಮೋನಿಯ ತಾಗುವ ಕಡೆ ತಾಮ್ರವಾಗಲಿ ಹಿತ್ತಾಳೆಯಾಗಲಿ ಇರಕೂಡದು.

ಎರಡು ಪಂಪುಗಳನ್ನು ಹಾಕಿ, ಒಂದು ಓಡುವಾಗ ಇನ್ನೊಂದು ಕಾಯುತ್ತಿರಲಿ. ಪ್ರತಿಯೊಂದಕ್ಕೂ ಪ್ರತ್ಯೇಕ ಸಕ್ಷನ್ ಪೈಪು ಇರಲಿ. ವಾರಕ್ಕೊಮ್ಮೆ ಸರದಿ ಬದಲಿಸಿ.

ಎಂಟನೆಯ ಹೆಜ್ಜೆ: ಸುತ್ತಲಿನ ಫಿಟ್ಟಿಂಗ್‌ಗಳು

ಪಂಪಿನ ತಲೆಯಿಂದ ವೆಸಲ್‌ನ ಆವಿಯ ಭಾಗಕ್ಕೆ ಒಂದು ವೆಂಟ್ ಲೈನ್ ಏರುತ್ತಲೇ ಹೋಗಬೇಕು, ಎಲ್ಲಿಯೂ ಜೋಲಬಾರದು. ಜೋತ ಕಡೆ ದ್ರವ ನಿಂತು ಆವಿಗೆ ದಾರಿ ಕಟ್ಟುತ್ತದೆ. ಡಿಸ್ಚಾರ್ಜ್‌ಗೆ ನಾನ್ ರಿಟರ್ನ್ ವಾಲ್ವ್, ಸಕ್ಷನ್ ಮತ್ತು ಡಿಸ್ಚಾರ್ಜ್ ನಡುವೆ ಡಿಫರೆನ್ಷಿಯಲ್ ಪ್ರೆಶರ್ ಸ್ವಿಚ್, ವೆಸಲ್‌ಗೆ ಲೋ ಲೆವೆಲ್ ಕಟ್‌ಔಟ್ ಇವು ಮೂರೂ ಕಡ್ಡಾಯ. ಎರಡು ಸ್ಟಾಪ್ ವಾಲ್ವುಗಳ ನಡುವೆ ತಣ್ಣನೆಯ ದ್ರವ ಸಿಕ್ಕಿಕೊಳ್ಳುವಂತಿದ್ದರೆ ಅಲ್ಲಿಂದ ವೆಸಲ್ ಕಡೆಗೆ ರಿಲೀಫ್ ವಾಲ್ವ್ ಇರಲೇಬೇಕು. ತುಂಬಿಕೊಂಡಿರುವ ದ್ರವ ಬಿಸಿಯಾಗಿ ಹಿಗ್ಗಿದರೆ ಪೈಪನ್ನೇ ಸೀಳುತ್ತದೆ, ಮತ್ತು ಈ ಅವಘಡ ಹೆಚ್ಚಾಗಿ ನಡೆಯುವುದು ರಿಪೇರಿಗೆಂದು ಪಂಪನ್ನು ಎರಡೂ ಕಡೆ ಮುಚ್ಚಿ ಊಟಕ್ಕೆ ಹೋದಾಗ. ಹೊಸ ಪೈಪಿನಲ್ಲಿ ವೆಲ್ಡಿಂಗ್ ಚೂರುಗಳಿರುವುದರಿಂದ ಮೊದಲ ಕೆಲವು ದಿನ ಸಕ್ಷನ್‌ನಲ್ಲಿ ಸಣ್ಣ ಜಾಲರಿ ಬೇಕಾಗುತ್ತದೆ. ಆಮೇಲೆ ಅದನ್ನು ನೆನಪಿಟ್ಟು ತೆಗೆಯಬೇಕು. ಬೊಮ್ಮಸಂದ್ರದಲ್ಲಿ ಆ ಜಾಲರಿ ಮೊದಲ ದಿನದಿಂದಲೂ ಅಲ್ಲೇ ಇತ್ತು, ಅರ್ಧ ತುಂಬಿ.

ಪಂಪ್ ಒದಗಿಸುವವರಿಗೆ ಬರೆಯುವ ವಿಚಾರಣಾ ಪತ್ರದಲ್ಲಿ ಶೀತಕ, ತಾಪಮಾನ, ಸಾಂದ್ರತೆ, ಹರಿವು, ಹೆಡ್, 415 ವೋಲ್ಟ್ 50 ಹರ್ಟ್ಸ್ ಇವುಗಳ ಜೊತೆಗೆ ಲಭ್ಯವಿರುವ ಎನ್‌ಪಿಎಸ್‌ಎಚ್ ಎಷ್ಟೆಂದು ನೀವೇ ಬರೆದು ಕಳಿಸಿ, ಬೇಕಾದದ್ದು ಎಷ್ಟೆಂದು ಅವರಿಂದ ಬರೆಸಿಕೊಳ್ಳಿ. ಆ ಒಂದು ಸಾಲು ಇಲ್ಲದ ಕೊಟೇಶನ್ ಎಷ್ಟೇ ಅಗ್ಗವಾಗಿದ್ದರೂ ಬದಿಗಿಡಿ.

ಬೊಮ್ಮಸಂದ್ರದಲ್ಲಿ ಸ್ಲ್ಯಾಬ್ ಒಡೆಯುವಂತಿರಲಿಲ್ಲ, ಪಂಪನ್ನು ಗುಂಡಿಗೆ ಇಳಿಸಲು ನಾನು ಒಪ್ಪಲಿಲ್ಲ. ಮಳೆಗಾಲದಲ್ಲಿ ಆ ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಅಮೋನಿಯ ಸೋರಿದ ದಿನ ಒಳಗಿಳಿದವನು ಹೊರಬರುವುದು ಕಷ್ಟ. ಸಕ್ಷನ್ ಪೈಪನ್ನು 100 ಮಿಲಿಮೀಟರಿಗೆ ಬದಲಿಸಿ ನೆಟ್ಟಗೆ ಇಳಿಸಿದೆವು. 0.4 ಮೀಟರ್ ಎನ್‌ಪಿಎಸ್‌ಎಚ್ ಸಾಕೆನ್ನುವ, ನಿಧಾನ ತಿರುಗುವ ಪಂಪ್ ತರಿಸಿದೆವು. ಕರೆಂಟ್ ಬಂದ ಮೇಲೆ ಕಂಪ್ರೆಸರ್‌ಗಳು ಇಪ್ಪತ್ತು ನಿಮಿಷಗಳಲ್ಲಿ ಹಂತಹಂತವಾಗಿ ಲೋಡ್ ತೆಗೆದುಕೊಳ್ಳುವಂತೆ ಪ್ಯಾನೆಲ್‌ನಲ್ಲಿ ಟೈಮರ್ ಹೊಂದಿಸಿದೆವು. ಇಷ್ಟಾದರೂ ಕೈಯಲ್ಲಿ ಉಳಿದಿರುವ ಎನ್‌ಪಿಎಸ್‌ಎಚ್ ಅಂತರ, ದ್ರವ ತಣ್ಣಗಾಗುವುದರಲ್ಲಿ ಹಿಂದುಳಿಯುವ ಲೆಕ್ಕದಲ್ಲಿ, ಒಂದು ಡಿಗ್ರಿಗಿಂತ ತುಸು ಕಡಿಮೆಯೇ, ಹಾಗಾಗಿ ಆ ಟೈಮರನ್ನು ಮುಟ್ಟಬೇಡಿ ಎಂದು ಪ್ಯಾನೆಲ್ ಬಾಗಿಲಿಗೆ ಕಾಗದ ಅಂಟಿಸಿ ಬಂದೆ. ಮುಂದಿನ ಬಾರಿ ಕರೆಂಟ್ ಹೋಗಿ ಬಂದಾಗ ಆಪರೇಟರ್ ಫೋನ್ ಮಾಡಿ, ಪಂಪಿನ ಆಮ್‌ಮೀಟರ್ ಮುಳ್ಳು ಅಲ್ಲಾಡದೆ ಒಂದೇ ಕಡೆ ಸ್ಥಿರವಾಗಿದೆ ಎಂದರು. ಅದೇ ಮಾಲೀಕರು ದಾಬಸ್‌ಪೇಟೆಯ ಹೊಸ ಶೆಡ್‌ನ ನಕ್ಷೆಯನ್ನು ಸ್ಲ್ಯಾಬ್ ಹಾಕುವ ಮೊದಲೇ ಕಳಿಸಿಕೊಟ್ಟರು; ಅದರಲ್ಲಿ ವೆಸಲ್‌ನ ತಳದ ಎತ್ತರಕ್ಕೆ ಜಾಗ ಖಾಲಿ ಬಿಟ್ಟಿತ್ತು. ನಾನು 2.4 ಮೀಟರ್ ಎಂದು ತುಂಬಿಸಿ ವಾಪಸು ಕಳಿಸಿದೆ.